ಬಿಚ್ಚಿದವನ ಗೀರು

ಹಾಸನದ ಸಂತೇಪೇಟೆ. ಮಧ್ಯಾಹ್ನ ಮೂರರ ಪವರ್‌ಕಟ್ಟು.
ಸ್ಟುಡಿಯೋ ನವೀದ ತಂದು ಸುರಿದ
ಬಿಸ್ಕತ್ತಿನ ಹಳೇ ಡಬ್ಬದಿಂದ ನನ್ನ ಬೆಂಚಿನ ಮೇಲೆ
ಒಂದು ಡೈನಮೊ. ಅಥವಾ,
ಒಂದು ಕಾಲಕ್ಕೆ ಡೈನಮೊ ಆಗಿದ್ದದ್ದು.
"ಸ್ಟ್ಯಾಂಡರ್ಡ್ ಟೆನ್ ಗಾಡೀದು ಅಕ್ಕ, ಐವತ್ತೇಳರ ಮಾಡ್ಲು.
ಓಡಾದೇನ್ ಬ್ಯಾಡ. ಮದ್ವೆ ಫೋಟೋಗೆ
ಲೈಟ್ ಹತ್ತುದ್ರೆ ಸಾಕು."

ಹತ್ತಬೇಕಾದರೆ ಇದು ತಿರುಗಬೇಕಲ್ಲಪ್ಪ, ಅಂದೆ.
ಕೇಳಿಸಿಕೊಳ್ಳದೆ ಹೋದ.

ನಾನು ಫ್ಯಾನು ಸುತ್ತುವವಳು, ಬೋರಿನ ಮೋಟಾರು ಸುತ್ತುವವಳು,
ಮಗಳ ತಲೆಗಿಂತ ಹೆಚ್ಚು ತಾಮ್ರ ಬಾಚಿದವಳು.
ಡೈನಮೊ ಇದೇ ಮೊದಲು.

ಬಿಚ್ಚಿದವನು ಯಾರೋ. ನವೀದನಿಗೆ ಗೊತ್ತಿಲ್ಲ,
ಅವನಿಗೆ ಗಾಡಿ ಮಾರಿದ ಡಾಕ್ಟರಮ್ಮನ ತಮ್ಮನಿಗೂ.
ಆದರೆ ಕೈ ಗೊತ್ತಾಗುತ್ತದೆ.
ಸೀಮೆಎಣ್ಣೆಯಲ್ಲಿ ಒರೆಸಿದಾಗ
ಕವಚದ ಅಂಚಿಗೆ ಮೊಳೆಯಿಂದೆಳೆದ ಗೀರು,
ಮುಚ್ಚಳದ ಅಂಚಿಗೆ ಅದರ ಜೋಡಿ ಗೀರು:
ಇದಕ್ಕೆ ಇದು.
ಓರೆ ನೋಡಿದರೆ ಎಡಗೈಯವನು.
ವಾಷರು, ಸ್ಕ್ರೂ, ಅರ್ಧಚಂದ್ರದ ಸಣ್ಣ ಕೀಲಿ,
ಒಂದೊಂದನ್ನೂ ಬಸ್ಸಿನ ಟಿಕೇಟಿನಲ್ಲಿ ಮಡಿಸಿ ಇಟ್ಟಿದ್ದಾನೆ,
ಬೇಲೂರಿಗೆ ಚಿಲ್ಲರೆಯಲ್ಲಿ ಹೋಗಿಬರುತ್ತಿದ್ದ ಕಾಲದ ಟಿಕೇಟು.

ಮರಳಿ ಬರುವವನು ಮಾತ್ರ ಹೀಗೆ ಬಿಚ್ಚುತ್ತಾನೆ.
ಇಲ್ಲದಿದ್ದರೆ ಸುತ್ತಿಗೆ.

ಬುಷ್ಷನ್ನು ರಾತ್ರಿಯಿಡೀ ಎಣ್ಣೆಯಲ್ಲಿ ನೆನೆಹಾಕಿದೆ, ಹೆಸರುಕಾಳಿನ ಹಾಗೆ.
ಬೆಳಿಗ್ಗೆ ಹ್ಯಾಕ್ಸಾ ಬ್ಲೇಡಿನ ತುಂಡು ಹಿಡಿದು
ತಾಮ್ರದ ಪಟ್ಟಿಗಳ ನಡುವಿನ ಅಭ್ರಕ ಕೆರೆದೆ, ಒಂದೊಂದೇ ಸಂದು,
ಪಕ್ಕದಲ್ಲಿ ಮಗಳ ಮೊಬೈಲಿನ ಬೆಳಕು.
"ಚಾರ್ಜೆಲ್ಲ ಮುಗಿಸ್ತೀಯ ಕಣಮ್ಮ."
ಚಾರ್ಜು ಹುಟ್ಟಿಸೋ ಕೆಲಸಾನೇ ಮಾಡ್ತಿರೋದು ಕಣೇ.

ಹಳೇ ಟ್ರ್ಯಾಕ್ಟರಿನ ಕಾರ್ಬನ್ನು ಉಜ್ಜಿ ಉಜ್ಜಿ ಅಳತೆಗೆ ತಂದೆ.
ಅದನ್ನು ಕೂರಿಸುವುದಕ್ಕೊಂದು ಉಪಾಯ:
ಸ್ಪ್ರಿಂಗು ಪಕ್ಕಕ್ಕೊತ್ತಿ ಗೂಡಿನಲ್ಲಿ ಅರ್ಧಕ್ಕೇ ನಿಲ್ಲಿಸಬೇಕು,
ಮುಚ್ಚಳ ಹಾಕಿ, ಆಮೇಲೆ ಕಿಂಡಿಯಿಂದ
ಸ್ಕ್ರೂಡ್ರೈವರಿನ ಒಂದು ಸಣ್ಣ ತಿವಿತ.
ಟಕ್.
ಇನ್ನೊಂದು ಕಡೆ, ಟಕ್.
ಯಾರೂ ಹೇಳಿಕೊಟ್ಟದ್ದಲ್ಲ. ಕಿಂಡಿಯ ಅಂಚಿನಲ್ಲಿ
ಅವನ ಸ್ಕ್ರೂಡ್ರೈವರ್ ಜಾರಿದ ಗಾಯವಿತ್ತು,
ಅದು ಹೇಳಿತು.

ಗೀರಿಗೆ ಗೀರು ಸೇರಿಸಿ ಉದ್ದನೆ ಬೋಲ್ಟೆರಡು ಬಿಗಿದೆ.
ಬ್ಯಾಟರಿ ಕೊಟ್ಟರೆ ತಾನೇ ಮೋಟಾರಿನಂತೆ ತಿರುಗಬೇಕು.
ತಿರುಗಲಿಲ್ಲ.
ಬಿಚ್ಚಿದೆ, ಕಟ್ಟಿದೆ. ತಿರುಗಲಿಲ್ಲ.
ಎಡಗೈಯವನನ್ನೂ ಅವನಿಗೆ ಕೆಲಸ ಕಲಿಸಿದವನನ್ನೂ
ಬಾಯಿಗೆ ಬಂದಂತೆ ಬೈದೆ.

ಮೂರನೇ ಸಲ ಬಿಚ್ಚಿದಾಗ ಕಂಡಿತು
ಕಾಯಿಲಿನ ಒಂದು ಮೂಲೆಗೆ ಕಟ್ಟಿದ ದಾರ.
ಕೊಳೆ ಅಂದುಕೊಂಡು ಎರಡು ಸಲ ದಾಟಿದ್ದೆ.
ಉಗುರಿನಿಂದ ಕೆರೆದರೆ ಕೆಂಪು.
ಅದರಡಿ ಹತ್ತಿಪಟ್ಟಿ ಸವೆದು
ತಾಮ್ರ ಕಬ್ಬಿಣವನ್ನು ಮುಟ್ಟುತ್ತಿತ್ತು.
ಇಲ್ಲಿ, ಅಂದಿದ್ದ ಅವನು. ಇಲ್ಲೇ ನೋಡು.
ವಾರ್ನಿಷ್ ತರಲು ಹೋದವನೋ ಏನೋ.

ಪಟ್ಟಿ ಸುತ್ತಿ, ವಾರ್ನಿಷ್ ಹಚ್ಚಿ, ಬಿಸಿಲಿಗಿಟ್ಟೆ.
ತಿರುಗಿತು.

ಆದರೆ ತಿರುಗುವುದೇ ಬೇರೆ, ಕೊಡುವುದೇ ಬೇರೆ.
ಕೊಡಬೇಕಾದರೆ ಕಬ್ಬಿಣಕ್ಕೆ ಚೂರು ನೆನಪಿರಬೇಕು
ಉತ್ತರ ಯಾವುದು, ದಕ್ಷಿಣ ಯಾವುದು.
ನಾನೋ ರೂಢಿಯಂತೆ ಮೈಗೆ ಮೈನಸ್ ಕೊಟ್ಟಿದ್ದೆ;
ಈ ಗಾಡಿಗೆ ಮೈಯೇ ಪ್ಲಸ್ಸು.
ತಪ್ಪು ನೆನಪು ಅಳಿಸಿ ಸರಿಯಾದದ್ದು ಹೇಳಬೇಕು:
ತಂತಿಯನ್ನು ಮೊಳೆಗೆ ಮುಟ್ಟಿಸಿ ತೆಗೆದೆ, ಅಷ್ಟೇ,
ಒಗ್ಗರಣೆಯ ಸಾಸಿವೆಯಷ್ಟು ಕಿಡಿ.

ನವೀದನ ಶೆಡ್ಡಿನಲ್ಲಿ ಇಂಜಿನು ಕೆಮ್ಮಿ ಎದ್ದಿತು.
ಮೀಟರಿನ ಮುಳ್ಳು ಮೊದಲು ಸುಮ್ಮನಿತ್ತು,
ಆಕ್ಸಿಲೇಟರ್ ಒತ್ತಿದಾಗ ಅನುಮಾನದಿಂದ ಬಲಕ್ಕೆ ಸರಿಯಿತು.
ಹಳದಿ ದೀಪ. ಎದುರಿನ ಗೋಡೆಯ ಬಲೆ, ಜೇಡ, ಎಲ್ಲ ಕಂಡವು.

"ಇದೇನಕ್ಕ ಬಿಲ್ಲಲ್ಲಿ, 'ನೆನಪಿಸಿದ್ದು: ನೂರೈವತ್ತು'?"
ಅದು ಬಿಟ್ಟು ಬೇರೆ ಏನಾದ್ರೂ ಚೌಕಾಸಿ ಮಾಡು, ಅಂದೆ.

ಕವಚಕ್ಕೆ ಕಪ್ಪು ಪೇಂಟ್ ಹೊಡೆಸುತ್ತಾನಂತೆ.
ಆ ಅಂಚಿಗೆ ಬೇಡ, ಅಂದಿದ್ದೇನೆ. ಕಾರಣ ಹೇಳಿಲ್ಲ.
ಅವನ ಗೀರಿನ ಪಕ್ಕದಲ್ಲೀಗ
ಇನ್ನೊಂದಿದೆ, ಬಲಕ್ಕೆ ವಾಲಿದ್ದು.